ಬುಧವಾರದ ಊಟ

ನಮ್ಮ ಕ್ರೈಸ್ತ ಸಭೆಯ ಬಗ್ಗೆ ಹೊರಗಿನವರು ಹಗುರವಾಗಿ ಮಾತಾಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಬೈಯುವುದಾದರೆ ನಾನು ಬೈಯಬೇಕು, ಅಲ್ಲಿ ಬೆಳೆದವಳು ನಾನು. ನರಸಿಂಹರಾಜಪುರದ ಅಂಚಿನಲ್ಲಿ ಶೀಟು ಹೊದಿಸಿದ ಹಾಲ್, ಹತ್ತಿಪ್ಪತ್ತು ಮನೆಯವರು. ಡ್ರಮ್ ಇಲ್ಲ, ಕೀಬೋರ್ಡ್ ಇಲ್ಲ, ಬರೀ ಗಂಟಲು. ಹೆಂಗಸರು ಹಾಡು ಎತ್ತಿಕೊಂಡರೆ ಎರಡನೇ ಸಾಲಿಗೆ ಗಂಡಸರು ಕೆಳದನಿಯಲ್ಲಿ ಸೇರಿಕೊಳ್ಳುತ್ತಿದ್ದರು. ಅಂಥ ಹಾಡು ಆಮೇಲೆ ಎಲ್ಲೂ ಕೇಳಲಿಲ್ಲ ಮಾರಾಯ್ರೆ.

ನಿಯಮಗಳೋ, ಅಬ್ಬಬ್ಬಾ! ಟಿವಿ ಬೇಡ, ಬಳೆ ಬೇಡ, ಮಲ್ಲಿಗೆ ಬೇಡ, ಪಕ್ಕದ ಮನೆಯವರು ಕೊಟ್ಟ ಗಣಪತಿ ಹಬ್ಬದ ಕಡುಬೂ ಬೇಡ. ಹೆಣ್ಣುಮಕ್ಕಳು ಕೂದಲು ಕತ್ತರಿಸುವ ಹಾಗಿಲ್ಲ. ಮದುವೆಗೆ ಪಾಸ್ಟರ ಒಪ್ಪಿಗೆ ಬೇಕು. ರವಿಕೆಯ ತೋಳು ಮೊಣಕೈ ಮುಚ್ಚಬೇಕು. ಅಮ್ಮ ದರ್ಜಿ, ಸಭೆಯ ರವಿಕೆಗಳೆಲ್ಲ ಅವಳದೇ ಹೊಲಿಗೆ. ಪಾಸ್ಟರ ಹೆಂಡತಿ ಅಮ್ಮನ ಟೇಪಿನಲ್ಲೇ ನಮ್ಮ ತೋಳು ಅಳೆಯುತ್ತಿದ್ದರು. ಒಮ್ಮೆಯೂ ಕಾಲಿಂಚು ಕಡಿಮೆ ಬರಲಿಲ್ಲ ಅಂತ ಅಮ್ಮನಿಗೆ ಹೆಮ್ಮೆ. ಅಪ್ಪ ತೀರಿಹೋದಾಗ ಒಂದು ತಿಂಗಳು ನಾವು ಒಲೆ ಹಚ್ಚಬೇಕಾಗದ ಹಾಗೆ ನೋಡಿಕೊಂಡವರು ಇದೇ ಸಭೆಯವರು, ದಿನಕ್ಕೊಂದು ಮನೆಯಿಂದ ಊಟ ತಂದು. ಅದನ್ನು ಅಮ್ಮ ಮರೆಯುವವಳಲ್ಲ.

ನನಗೆ ಹನ್ನೊಂದು ವರ್ಷ ಇದ್ದಾಗ ಅಕ್ಕ ಯಾರನ್ನೂ ಕೇಳದೆ ಕೊಪ್ಪದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವನನ್ನು ರಿಜಿಸ್ಟರ್ ಮದುವೆಯಾದಳು. ಸಭೆಯವನಲ್ಲ. ಮುಂದಿನ ಭಾನುವಾರ ಅವಳ ಹೆಸರು ಓದಿ ಹೊರಗಿಟ್ಟರು. ಅವಳು ಬಂದು ಎಲ್ಲರೆದುರು ತಪ್ಪಾಯಿತು ಅನ್ನುವವರೆಗೆ ಸದಸ್ಯರು ಯಾರೂ ಅವಳ ಜೊತೆ ಕೂತು ಉಣ್ಣಬಾರದು. ಹೆತ್ತ ತಾಯಿಯೂ ಅಷ್ಟೇ.

ಬುಧವಾರ ಸ್ಟುಡಿಯೋಗೆ ರಜೆ. ಅಕ್ಕ ಬೆಳಿಗ್ಗೆಯ ಬಸ್ಸಿಗೆ ಬರುತ್ತಿದ್ದಳು. ಅಮ್ಮ ಅವಳಿಗೆ ಇಷ್ಟದ ಬಸಳೆ ಹುಳಿ ಮಾಡಿ, ಬಡಿಸಿ, "ನಂಗೆ ಹಸಿವಿಲ್ಲ" ಅಂದು ಹೊಲಿಗೆ ಮಿಷನ್ನಿಗೆ ಹೋಗಿ ನಮಗೆ ಬೆನ್ನು ಹಾಕಿ ಕೂರುತ್ತಿದ್ದಳು. ಅಕ್ಕನ ಜೊತೆ ಉಣ್ಣುತ್ತಿದ್ದವಳು ನಾನೊಬ್ಬಳೇ. ಯಾಕೆಂದರೆ ನನಗಿನ್ನೂ ದೀಕ್ಷಾಸ್ನಾನ ಆಗಿರಲಿಲ್ಲ. ನಮ್ಮಲ್ಲಿ ಕೂಸುಗಳಿಗೆ ನೀರು ಹಾಕುವುದಿಲ್ಲ. ಬುದ್ಧಿ ಬಂದಮೇಲೆ, ನಾವೇ ಬಾಯಿಬಿಟ್ಟು ನಂಬುತ್ತೇನೆ ಅಂದಮೇಲೆ, ಭದ್ರಾ ಹಿನ್ನೀರಲ್ಲಿ ಪೂರ್ತಿ ಮುಳುಗಿಸುತ್ತಾರೆ. ಅಲ್ಲಿವರೆಗೆ ಸದಸ್ಯಳಲ್ಲ, ನಿಯಮವೂ ತಾಗುವುದಿಲ್ಲ.

ಸುಳ್ಳು ಯಾಕೆ, ನನಗೆ ಆ ನೀರಿಗಿಳಿಯುವ ಆಸೆ ತುಂಬಾ ಇತ್ತು. ನಂಬಿಕೆಯೂ ಇತ್ತು. ಆದರೆ ನಾನು ಇಳಿದರೆ ಅಕ್ಕನ ಜೊತೆ ಉಣ್ಣುವವರು ಯಾರು? ಪ್ರತಿ ವರ್ಷ ಪಾಸ್ಟರು ಕೇಳುತ್ತಿದ್ದರು, ನಾನು "ಇನ್ನೂ ಮನಸ್ಸು ಸಿದ್ಧ ಆಗಿಲ್ಲ" ಅನ್ನುತ್ತಿದ್ದೆ. ಅಮ್ಮ ನನ್ನ ದೀಕ್ಷಾಸ್ನಾನಕ್ಕೆಂದು ಹೊಲಿದಿಟ್ಟ ಬಿಳಿ ಗೌನಿನ ಅಂಚು ಬಿಚ್ಚಿ ಉದ್ದ ಮಾಡುತ್ತಿದ್ದಳು. ನಾಲ್ಕು ವರ್ಷ ಹೀಗೇ ಕಳೆಯಿತು.

ಹದಿನೈದಕ್ಕೆ ಪಾಸ್ಟರು ಬಿಡಲಿಲ್ಲ. ಹಟ ಮಾಡುವುದೂ ಪಾಪವೇ ಅಂದರು. ಹೆದರಿ ಹೂಂ ಅಂದೆ, ಭಾನುವಾರಕ್ಕೆ ಗೊತ್ತಾಯಿತು. ಅದರ ಹಿಂದಿನ ಬುಧವಾರ ಅಕ್ಕ ಬಂದಳು. ಮೊಳೆಗೆ ತೂಗುಹಾಕಿದ್ದ ಗೌನು ನೋಡಿ, ಬಂದು ತಟ್ಟೆ ಮುಂದೆ ಕೂತಳು. ಇಬ್ಬರೂ ಅನ್ನ ಕಲಸುತ್ತಲೇ ಕೂತೆವು. ಮಿಷನ್ ಕಟಕಟ ಅನ್ನುತ್ತಲೇ ಇತ್ತು. ತಿರುಗಿ ನೋಡುತ್ತೇನೆ, ಸೂಜಿಯ ಕೆಳಗೆ ಬಟ್ಟೆಯೇ ಇಲ್ಲ.

ಮಿಷನ್ ನಿಂತಿತು. ಅಮ್ಮ ಎದ್ದು ಕೈತೊಳೆದು ತಟ್ಟೆ ಹಾಕಿಕೊಂಡು ಅಕ್ಕನ ಪಕ್ಕ ಕೂತಳು.

"ನೀನು ಭಾನುವಾರ ಧೈರ್ಯವಾಗಿ ನೀರಿಗಿಳಿ ಕೂಸೇ" ಅಂದಳು ನನಗೆ. "ಇವಳ ಜೊತೆ ಉಣ್ಣಕ್ಕೆ ನಾನಿದೀನಿ."

ಅಕ್ಕ ತಟ್ಟೆ ಮುಂದಿಟ್ಟುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. "ಉಣ್ಣೇ, ಆರಿ ಹೋಗ್ತದೆ" ಅಂತ ಗದರಿಸಿದಳು ಅಮ್ಮ.

ಭಾನುವಾರ ಹಾಲ್‌ನಲ್ಲಿ ತಪ್ಪು ಅರಿಕೆ ಮಾಡುವ ಹೊತ್ತಿಗೆ ಅಮ್ಮ ತಾನಾಗಿಯೇ ಎದ್ದು ನಿಂತಳು. ಮುಚ್ಚಿಡುವುದು ಅವಳಿಗೆ ಬರುವುದೇ ಇಲ್ಲ. "ಬುಧವಾರ ಮಗಳ ಜೊತೆ ಉಂಡೆ. ಬರೋ ಬುಧವಾರವೂ ಉಣ್ತೀನಿ." ಅಷ್ಟು ಹೇಳಿ ಬೈಬಲ್ಲಿನ ಚೀಲ ಎತ್ತಿಕೊಂಡು ಹೊರಟಳು. ನಾನು ಬಿಳಿ ಗೌನಿನಲ್ಲೇ ಅವಳ ಹಿಂದೆ ಓಡಿದೆ. "ನೀನ್ಯಾಕೆ ಬಂದೆ ಮಾರಾಯ್ತಿ?" ಅಂತ ದಾರಿಯುದ್ದಕ್ಕೂ ಬೈದಳು, ಕೈ ಮಾತ್ರ ಬಿಡಲಿಲ್ಲ.

ನಾನು ನೀರಿಗಿಳಿಯಲೇ ಇಲ್ಲ. ಹಾಲ್ ಇದ್ದಲ್ಲಿ ಈಗ ಟೈಲ್ಸ್ ಅಂಗಡಿ. ಅಕ್ಕ ಈಗಲೂ ಬುಧವಾರ ಬರುತ್ತಾಳೆ, ಊಟಕ್ಕೆ ಕೂತರೆ ಮೂವರ ಗಲಾಟೆ ಬೀದಿಗೆ ಕೇಳುತ್ತದೆ. ಆದರೆ ಭಾನುವಾರ ಅಮ್ಮ ಉದ್ದ ತೋಳಿನ ರವಿಕೆಗೆ ಇಸ್ತ್ರಿ ಹಾಕಿ ತೊಟ್ಟು, ಮಿಷನ್ ಮುಂದೆ ಕೂತು ಹಾಡು ಎತ್ತುತ್ತಾಳೆ. ಎರಡನೇ ಸಾಲು ಬಂದಾಗ ಒಂದು ಗಳಿಗೆ ನಿಲ್ಲಿಸುತ್ತಾಳೆ. ಕೆಳದನಿ ಸೇರಿಕೊಳ್ಳಲಿ ಅಂತ.