ಮಿಕ್ಸಿ ದಾಟಿ ಬಂದ ಗಿಟಾರು

ನಮ್ಮ ಮನೆಯವರು ಹಾಲ್‌ನಲ್ಲಿ ಕುರ್ಚಿ ಹಾಕಿಕೊಂಡು, ಹೆಡ್‌ಫೋನ್ ಏರಿಸಿಕೊಂಡು, ಕಣ್ಣು ಮುಚ್ಚಿ ಗಿಟಾರ್ ನುಡಿಸುತ್ತಿದ್ದರು. ತಲೆ ತೂಗುತ್ತಿತ್ತು. ಕಾಲು ತಾಳ ಹಾಕುತ್ತಿತ್ತು. ಕಣ್ಣಂಚಿನಲ್ಲಿ ನೀರು ಬೇರೆ! ನನಗೆ ಕೇಳಿಸುತ್ತಿದ್ದದ್ದು ಮಾತ್ರ ಕಾಯಿ ತುರಿಯುವ ಮಣೆಯನ್ನು ಯಾರೋ ಉಗುರಿನಿಂದ ಮೀಟಿದಂತೆ ಟಿಣಿ ಟಿಣಿ ಟಿಣಿ.

“ಹೆಂಗಿದೆಯೇ?” ಅಂತ ಕಿರುಚಿದರು. (ಹೆಡ್‌ಫೋನ್ ಹಾಕಿಕೊಂಡವರಿಗೆ ಲೋಕವೆಲ್ಲ ಕಿವುಡಾಗಿ ಕಾಣುತ್ತದೆ.)

“ಏನು ಹೆಂಗಿದೆ?”

“ಸೌಂಡು!”

“ಯಾವ ಸೌಂಡು?”

ಹೆಡ್‌ಫೋನ್ ತೆಗೆದು, ಪಾಪ, ನನ್ನನ್ನೇ ನೋಡಿದರು. ಸ್ವರ್ಗದಿಂದ ನೇರ ನಂಜನಗೂಡಿಗೆ ಇಳಿದ ಮುಖ.

ನನ್ನ ಗಂಡ ನಂಜುಂಡಸ್ವಾಮಿ ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ಅದು ಹೊಟ್ಟೆಪಾಡು. ಜೀವ ಇರುವುದೆಲ್ಲ ಗಿಟಾರಿನಲ್ಲಿ. ತಿ. ನರಸೀಪುರದ ಗೋವಿಂದಣ್ಣ ನಡೆಸುವ ಆರ್ಕೆಸ್ಟ್ರಾಗೆ ಮದುವೆಗೆ ಮೊದಲಿಂದಲೂ ಇವರೇ ಗಿಟಾರಿಸ್ಟ್. ರಿಸೆಪ್ಷನ್, ಗೃಹಪ್ರವೇಶ, ಗಣೇಶನ ಪೆಂಡಾಲು, ಎಲ್ಲಿ ಕರೆದರೂ ಹೊರಟರು. ಜೊತೆಗೆ ಆಂಪ್ಲಿಫೈಯರ್ ಎಂಬ ದೈತ್ಯ ಸ್ಪೀಕರ್ ಪೆಟ್ಟಿಗೆಯೂ ಹೊರಡಬೇಕು. ಅದಿಲ್ಲದಿದ್ದರೆ ಎಲೆಕ್ಟ್ರಿಕ್ ಗಿಟಾರ್ ಅಂದರೆ ತಂತಿ ಕಟ್ಟಿದ ಹಲಗೆ, ಅಷ್ಟೆ.

ಆ ಪೆಟ್ಟಿಗೆಯನ್ನು ನರಸೀಪುರದ ಬಸ್ಸಿಗೆ ಹತ್ತಿಸುವಾಗ ಕಂಡಕ್ಟರ್ ಕೇಳಿದ್ದುಂಟು: “ಇದೇನ್ ಸಾ, ಫ್ರಿಜ್ಜಾ? ಇದುಕ್ಕೊಂದು ಸೀಟ್ ಕೊಡನಾ?” ಮನೆಯಲ್ಲಂತೂ ಅದನ್ನು ನುಡಿಸುವ ಹಾಗೇ ಇರಲಿಲ್ಲ. ಸಣ್ಣಗೆ ಇಟ್ಟರೆ ನೆಗಡಿಯಾದವರ ದನಿ. ದೊಡ್ಡದಾಗಿ ಇಟ್ಟರೆ ಪಕ್ಕದ ಮನೆಯ ಕೂಸು ಎದ್ದು ಕೂರುತ್ತಿತ್ತು. ಕಳೆದ ಮಳೆಗಾಲದಲ್ಲಿ ಒಂದು ದಿನ ಬುಸ್ ಅಂತ ಹೊಗೆ ಬಿಟ್ಟು ಅದು ಶಾಶ್ವತವಾಗಿ ಮೌನವಾಯಿತು. ರಿಪೇರಿಯವರು ಬಿಚ್ಚಿ ನೋಡಿ, ಒಳಗಿನ ಸಾಮಾನು ಈಗ ಸಿಗುವುದಿಲ್ಲ ಎಂದು ಕೈ ಒರೆಸಿಕೊಂಡರು.

ಸುದ್ದಿ ಕೇಳಿ ಗೋವಿಂದಣ್ಣ ಮನೆಗೇ ಬಂದರು. ಕಾಫಿ ಕುಡಿದರು. ಲೋಟ ಕೆಳಗಿಟ್ಟು ಹೇಳಿದರು:

“ಬೇಜಾರ್ ಮಾಡ್ಕೋಬ್ಯಾಡ ಕಣ್ಲಾ ನಂಜುಂಡ. ಈಗ ಕೀಬೋರ್ಡಲ್ಲೇ ಗಿಟಾರ್ ಸೌಂಡೂ ಬತ್ತದೆ. ನಮ್ ಪ್ರಭು ಅದ್ನೂ ವಡ್ಕೊಬುಡ್ತಾನೆ. ನೀನು ಸುಮ್ನೆ ಬಾ, ಊಟ ಮಾಡ್ಕೊಂಡೋಗು.”

ಊಟ ಮಾಡ್ಕೊಂಡೋಗು! ಇಷ್ಟು ವರ್ಷ ವೇದಿಕೆಯ ಮೇಲಿದ್ದವರಿಗೆ ಹೇಳುವ ಮಾತೇ ಅದು? ಇವರು ಅವರನ್ನು ಗೇಟಿನವರೆಗೆ ಬಿಟ್ಟು ಬಂದು, ಗಿಟಾರನ್ನು ಬಟ್ಟೆಯಿಂದ ಒರೆಸುತ್ತಾ ಕೂತರು.

ಆಗ ನಮ್ಮ ಮನೆಗೆ ಬಂದ ಪದ ‘ಮಾಡೆಲರ್’. ಜಗತ್ತಿನ ದೊಡ್ಡ ದೊಡ್ಡ ಆಂಪ್‌ಗಳ ದನಿಯನ್ನೆಲ್ಲ ನಕಲು ಮಾಡಿ ಒಂದು ಚಿಪ್‌ನಲ್ಲಿ ತುಂಬಿಟ್ಟಿರುವ ಪೆಟ್ಟಿಗೆಯಂತೆ. ಮನೆಯಲ್ಲಿದ್ದಾಗ ಹೆಡ್‌ಫೋನ್‌ಗೆ ಸಿಕ್ಕಿಸಿ. ವೇದಿಕೆಯಲ್ಲಿದ್ದಾಗ ವೈರ್ ಎಳೆದು ಮೈಕ್‌ಸೆಟ್‌ನವರ ಬೋರ್ಡಿಗೆ ಕೊಡಿ. ಹೊರುವ ಕಷ್ಟವಿಲ್ಲ, ಕೂಸು ಏಳುವುದಿಲ್ಲ. ಇನ್ನೇನು ಬೇಕು?

ಬೇಕಾದ್ದು ತಾಳ್ಮೆ. ಇವರಿಗಲ್ಲ, ನನಗೆ. ಶಿಫ್ಟ್ ಮುಗಿಸಿ ಬಂದವರು ಯೂಟ್ಯೂಬ್ ಮುಂದೆ ಕೂತರೆ ತಟ್ಟೆಗೆ ಏನು ಬಡಿಸಿದೆ ಅಂತಲೂ ನೋಡುತ್ತಿರಲಿಲ್ಲ. ಹೆಣ್ಣು ನೋಡಲು ಬಂದಾಗಲೂ ಈ ಮನುಷ್ಯ ಇಷ್ಟು ವಿಚಾರಿಸಿರಲಿಲ್ಲ! ಕೊನೆಗೆ ಎರಡು ಪೆಟ್ಟಿಗೆ ಉಳಿದವು. ಒಂದು ದೊಡ್ಡದು. ಫೋನಿನಂಥ ಟಚ್‌ಸ್ಕ್ರೀನು, ಲೆಕ್ಕವಿಲ್ಲದಷ್ಟು ಸೌಂಡು. ಇನ್ನೊಂದು ಸಣ್ಣದು. ಸೌಂಡು ಕಡಿಮೆ, ಮೇಲೆ ಒಂದಷ್ಟು ತಿರುಗಿಸುವ ಗುಂಡಿ. ಮೈಸೂರಿನ ಸ್ನೇಹಿತರೊಬ್ಬರು ಎರಡನ್ನೂ ಕೊಟ್ಟು, “ನುಡಿಸಿ ನೋಡಿ, ಒಂದನ್ನ ಇಟ್ಕೊಂಡು ಇನ್ನೊಂದನ್ನ ವಾಪಸ್ ಕೊಡಿ” ಎಂದರು. ಇವರು ದೊಡ್ಡದಕ್ಕೇ ಮನಸೋತರು. ಮೇಲೆ ಹೇಳಿದ ಕಣ್ಣೀರಿನ ದೃಶ್ಯ ಅದರದೇ.

ಮೊದಲ ಪರೀಕ್ಷೆ ತಾಂಡವಪುರದ ಗೃಹಪ್ರವೇಶದಲ್ಲಿ ಆಯಿತು. ಗೋವಿಂದಣ್ಣನ ಕೈಕಾಲು ಹಿಡಿದು ಒಂದು ಚಾನ್ಸ್ ಕೇಳಿಕೊಂಡಿದ್ದರು. ನಾನೂ ಹೋಗಿ ಶಾಮಿಯಾನದ ನಡುವೆ ಕೂತೆ. ಹಾಡು ಶುರುವಾಯಿತು. ಡ್ರಮ್ಮು ಕೇಳಿಸಿತು, ಕೀಬೋರ್ಡ್ ಕೇಳಿಸಿತು, ಗೋವಿಂದಣ್ಣ ಉಸಿರೆಳೆದುಕೊಂಡದ್ದೂ ಕೇಳಿಸಿತು. ಗಿಟಾರ್? ಬೆರಳು ಓಡುತ್ತಿದೆ, ಸದ್ದೇ ಇಲ್ಲ. ಟಿವಿ ಮ್ಯೂಟ್ ಆದ ಹಾಗೆ. ಎಲ್ಲೋ ದೂರದಲ್ಲಿ ಬಾವಿಯೊಳಗಿಂದ ಬಂದಂತೆ ಒಂದು ಗುಂಯ್, ಅಷ್ಟೆ.

ಪಕ್ಕದಲ್ಲಿದ್ದ ಹೆಂಗಸು ಕೇಳಿಯೇ ಬಿಟ್ಟರು: “ಆವಣ್ಣ ಸುಮ್ನೆ ಶೋಕಿಗೆ ಇಡ್ಕೊಂಡವ್ರಾ ಅದ?”

ನಾನು ಗುರುತೇ ಇಲ್ಲದವಳಂತೆ ನಕ್ಕೆ. (ಬೇರೆ ದಾರಿ ಏನಿತ್ತು?)

ಗೋವಿಂದಣ್ಣ ಈ ಸಲ ಕಾಫಿಗೂ ಕಾಯಲಿಲ್ಲ. “ಭಾನ್ವಾರ ನಮ್ಮೂರಲ್ಲೇ ರಿಸೆಪ್ಷನ್ನು. ಅಲ್ಲೂ ಇಂಗೇ ಆದ್ರೆ ಪ್ರಭುಗೇ ಕೊಟ್ಬುಡ್ತೀನಿ ಕಣಪ್ಪ. ಜನ ಕೇಳಕ್ ಬತ್ತಾರೆ, ನೋಡಕಲ್ಲ.”

ಮಾರನೆಯ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಚಟ್ನಿಗೆ ಮಿಕ್ಸಿ ಹಾಕಿದ್ದೆ. ಕುಕ್ಕರ್ ಕೂಗಲು ತಯಾರಾಗುತ್ತಿತ್ತು. ಎಕ್ಸಾಸ್ಟ್ ಫ್ಯಾನು ತನ್ನ ಪಾಡಿಗೆ ಗೊರಗೊರ. ಹೆಡ್‌ಫೋನಿನ ಮೇಲೆ ಕೋಪ ಬಂದಿತ್ತೇನೋ, ಇವರು ಅವತ್ತು ಪೆಟ್ಟಿಗೆಯನ್ನು ಹಾಲ್‌ನ ಸ್ಪೀಕರ್‌ಗೆ ಸಿಕ್ಕಿಸಿಕೊಂಡು ಕೂತಿದ್ದರು.

“ರೀ, ನುಡಿಸ್ತಿದೀರೋ, ಸುಮ್ನೆ ಕೂತಿದೀರೋ?” ಎಂದೆ.

“ನುಡಿಸ್ತಾನೇ ಇದೀನಲ್ಲೇ!”

“ನನಗೇನೂ ಕೇಳಿಸ್ತಿಲ್ಲ.”

ಮಿಕ್ಸಿ ಆರಿಸಲು ಕೈ ಹಾಕಿದೆ. ಹಾಲ್‌ನಿಂದ ಕೂಗು ಬಂತು: “ಆಫ್ ಮಾಡ್ಬೇಡ! ಹಾಗೇ ಬಿಡು!”

ಓಡಿ ಬಂದರು. ಮಿಕ್ಸಿಯನ್ನು ನೋಡಿದರು, ಕುಕ್ಕರನ್ನು ನೋಡಿದರು, ಮೇಲಿನ ಫ್ಯಾನನ್ನು ನೋಡಿದರು. ಮುಖ ಬೆಳಗಿತು. “ಇದೇ ಕಣೇ ಛತ್ರ! ಇಷ್ಟೇ ಗದ್ದಲ ಅಲ್ಲೂ ಇರೋದು!”

ಅಲ್ಲಿಂದ ನಮ್ಮ ಮನೆ ಪ್ರಯೋಗಶಾಲೆ ಆಯಿತು ನೋಡಿ. ನಾನು ರುಬ್ಬುವುದು, ಇವರು ನುಡಿಸುವುದು, ನಾನು ಕೂಗಿ ಹೇಳುವುದು. ಚಟ್ನಿ ಬೆಣ್ಣೆಯಾಯಿತು. ದೋಸೆಗೆ ನೆನೆಸಿದ್ದ ಅಕ್ಕಿ ಹಾಕಿದೆ. ಆಮೇಲೆ ಸಾರಿನ ಪುಡಿ. ಆಮೇಲೆ ಮೆಣಸು. ಸದ್ದು ಕೇಳಿ ಪಕ್ಕದ ಮನೆಯ ಮಂಜುಳ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದಳು: “ಏನಕ್ಕಾ, ಯಾರ್ ಮದ್ವೆ ಅಡ್ಗೆ?”

“ನಮ್ಮೆಜಮಾನ್ರ ಗಿಟಾರಿಂದು,” ಎಂದೆ.

ತಿಳಿದದ್ದು ಇಷ್ಟು. ಹೆಡ್‌ಫೋನಿನಲ್ಲಿ ಇಂಪಾಗಲಿ ಅಂತ ಇವರು ಗುಂಯ್ ಅನ್ನುವ ರಿವರ್ಬ್ ಸುರಿದಿದ್ದರು, ಬೇಸ್ ಏರಿಸಿದ್ದರು. ಗದ್ದಲದಲ್ಲಿ ಅದೆಲ್ಲ ಕರಗಿ ಹೋಗುತ್ತದೆ. ಗುಂಯ್ ತೆಗೆದರು, ಬೇಸ್ ಇಳಿಸಿದರು, ಬೇಸೂ ಅಲ್ಲದ ಟ್ರೆಬಲ್ಲೂ ಅಲ್ಲದ ನಡುವಿನ ‘ಮಿಡ್’ ಏರಿಸಿದರು. ಒಂಟಿಯಾಗಿ ಕೇಳಿದರೆ ಮೂಗಿನಲ್ಲಿ ಮಾತಾಡಿದ ಹಾಗಿತ್ತು. ಆದರೆ ಮಿಕ್ಸಿ ಹಾಕಿದರೆ? ಅಬ್ಬಾ! ಸದ್ದಿನ ನಡುವೆ ದಾರಿ ಮಾಡಿಕೊಂಡು, ಒಂದೊಂದು ಸ್ವರವೂ ನನ್ನ ಒಲೆಯ ಪಕ್ಕಕ್ಕೆ ಬಂದು ನಿಂತಿತು. ನಾನು ಸೌಟು ಎತ್ತಿ ಕುಣಿದೆ ಅಂದರೆ ನಂಬಿ.

ದೊಡ್ಡ ಪೆಟ್ಟಿಗೆಯಲ್ಲೂ ಇದನ್ನು ಮಾಡಬಹುದಿತ್ತು. ಆದರೆ ಆ ‘ಮಿಡ್’ ಇದ್ದದ್ದು ಸ್ಕ್ರೀನಿನ ಮೂರನೇ ಪುಟದ ಒಳಗೆ. ಕನ್ನಡಕ ಹಾಕಬೇಕು, ಬಗ್ಗಬೇಕು, ಒರೆಸಿ ಒರೆಸಿ ಹುಡುಕಬೇಕು. ಅಷ್ಟರಲ್ಲಿ ಹಾಡು ಮುಗಿದು ಮಂಗಳ ಆಗಿರುತ್ತದೆ! ಸಣ್ಣದರಲ್ಲಿ ಗುಂಡಿ ಕಣ್ಣೆದುರಿಗೇ ಇದೆ, ತಿರುಗಿಸಿದರೆ ಆಯಿತು. ಸಣ್ಣದೇ ಉಳಿಯಿತು. ಅದರಲ್ಲಿ ಎರಡು ಸೌಂಡು ಜೋಪಾನ ಮಾಡಿಕೊಂಡರು. ಒಂದಕ್ಕೆ ‘ಮನೆ’ ಅಂತ ಹೆಸರು, ಇನ್ನೊಂದಕ್ಕೆ ‘ಮದುವೆ’.

ಭಾನುವಾರ ನರಸೀಪುರದ ಛತ್ರ ಕಿಕ್ಕಿರಿದಿತ್ತು. ಗೋವಿಂದಣ್ಣ ಪ್ರಭುವಿನ ಕಿವಿಯಲ್ಲಿ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿತ್ತು: “ಗಿಟಾರ್ ಕೇಳುಸ್ದೆ ಓದ್ರೆ ನೀನ್ ಇಡ್ಕೊಬುಡು.” ಪ್ರಭು ಒಳ್ಳೆಯ ಮನುಷ್ಯ, ಇವರ ಮುಖ ನೋಡಲಾರದೆ ತಲೆಯಾಡಿಸಿದ.

ನನಗೆ ವೇದಿಕೆಯ ಮುಂದೆ ಕೂರುವ ಧೈರ್ಯ ಬರಲಿಲ್ಲ. ಸೀದಾ ಊಟದ ಹಾಲಿಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಬಕೆಟ್‌ಗಳ ಧಡಧಡ, “ಸಾರು ಸಾರು”, “ಇಲ್ಲಿಗನ್ನ ಬರ್ಲಿ”, ಮಕ್ಕಳ ಅರಚಾಟ. ಪಲ್ಲವಿ ಮುಗಿಯಿತು. ಇನ್ನು ಇವರದೇ ಸರದಿ. ಪಾಯಸಕ್ಕೆ ಇಟ್ಟ ಬೆರಳು ಅಲ್ಲೇ ನಿಂತಿತು.

ಬಂತು! ಅಷ್ಟೂ ಗದ್ದಲವನ್ನು ಸೀಳಿಕೊಂಡು ಬಂತು! ಬಡಿಸುತ್ತಿದ್ದವರು ಬಕೆಟ್ ಹಿಡಿದೇ ಬಾಗಿಲ ಕಡೆ ತಿರುಗಿದರು. ಪಂಕ್ತಿಯಲ್ಲಿ ಕೂತವರು ಎಲ್ಲರ ಊಟ ಮುಗಿಯದೆ ಏಳಬಾರದು ಅಂತ ನನ್ನ ಮಕ್ಕಳಿಗೆ ಗದರಿಸಿ ಕಲಿಸಿದವಳು ನಾನು. ಎಂಜಲು ಕೈಯಲ್ಲೇ ಎದ್ದು ನಿಂತೆ.

ಪಕ್ಕದ ಎಲೆಯ ಅಜ್ಜಿ ಗಾಬರಿಯಾದರು: “ಯಾಕವ್ವಾ, ಊಟ ಸರೀಗಿಲ್ವಾ?”

“ಅದಲ್ಲಮ್ಮ! ಗಿಟಾರ್ ಕೇಳಿಸ್ತಾ?”

“ಕೇಳುಸ್ದೆ ಏನವ್ವ, ಚೆಂದಾಗದೆ. ಯಾರದು?”

“ನಮ್ಮೆಜಮಾನ್ರು!” (ಇದನ್ನು ಇಡೀ ಪಂಕ್ತಿಗೇ ಕೇಳುವಂತೆ ಹೇಳಿದೆ. ನನ್ನ ಮಿಡ್ಡೂ ಜಾಸ್ತಿಯೇ.)

ಬಾಗಿಲಿಗೆ ಓಡಿ ನೋಡಿದರೆ ಪ್ರಭು ಎರಡೂ ಕೈ ಕೀಬೋರ್ಡಿನಿಂದ ಎತ್ತಿ ಚಪ್ಪಾಳೆ ಹಾಕುತ್ತಿದ್ದ. ಗೋವಿಂದಣ್ಣ ಮೈಕ್ ಪಕ್ಕಕ್ಕೆ ಹಿಡಿದು, “ಇನ್ನೊಂದ್ ರೌಂಡ್ ವಡಿಲಾ ನಂಜುಂಡ!” ಅಂತ ಕೂಗಿದರು. ಇವರು ಹೊಡೆದರು. ಈ ಸಲ ಕಣ್ಣು ಮುಚ್ಚಿರಲಿಲ್ಲ.

ಯಾವ ಮಾಡೆಲರ್ ತಗೊಳ್ಳೋದು ಅಂತ ಈಗ ಸುತ್ತಮುತ್ತಲ ಆರ್ಕೆಸ್ಟ್ರಾದವರು ಇವರಿಗೆ ಫೋನ್ ಮಾಡಿ ಕೇಳುತ್ತಾರೆ. ಇವರು ಪಟಪಟ ಅಂತ ಏನೇನೋ ಹೇಳುತ್ತಾರೆ. ನನ್ನನ್ನು ಕೇಳಿದರೆ ನಾನು ಹೇಳುವುದು ಇಷ್ಟೇ. ಸ್ವಂತ ಹೆಡ್‌ಫೋನಿನೊಳಗೆ ಯಾರು ತಾನೇ ಚೆನ್ನಾಗಿ ನುಡಿಸುವುದಿಲ್ಲ? ಪಕ್ಕದ ಎಲೆಯವರಿಗೆ ಕೇಳಿಸಿತಾ, ಅದನ್ನು ಹೇಳಿ.