ಲೆಕ್ಕಿ ತಪ್ಪಲಿನ ಬೆಲ್ಲ

ಆಗೆಲ್ಲ ನಮ್ಮ ಅಲಖನೂರಿನಲ್ಲಿ ಕಬ್ಬಿನ ಗಾಣ ಹೂಡಿದರೆಂದರೆ ಮಕ್ಕಳಿಗೆ ಎರಡು ಖಾತ್ರಿ: ಹೊಟ್ಟೆ ತುಂಬ ಬಿಸಿ ಬೆಲ್ಲ, ಮೂಗಿನ ತುಂಬ ನೆಗಡಿ. ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ ವರ್ಷ ತುಂಬದ ನನ್ನ ತಮ್ಮ ಬಸುವಿಗೆ ಮೂಗು, ಎದೆ ಎರಡೂ ಕಟ್ಟಿದವು. ಹಾಲಿಗೆ ಬಾಯಿ ಹಚ್ಚಿದರೆ ಉಸಿರು ಸಿಗದೆ ಬಿಟ್ಟುಬಿಡುತ್ತಿದ್ದ. ರಾಯಬಾಗದ ಡಾಕ್ಟರರ ಔಷಧ ನಡೆದೇ ಇತ್ತು. ಕೂಸು ಅಳುವುದನ್ನೂ ಬಿಟ್ಟಾಗ ಅವ್ವ ಅಳತೊಡಗಿದಳು.

ಅಪ್ಪನ ತಾಯಿ, ನಮ್ಮ ಆಯಿ, ಲೆಕ್ಕಿ ಗಿಡದ ತಪ್ಪಲು, ಅಂದರೆ ಎಲೆ, ಜಜ್ಜಿ ಬಕೆಟ್ಟಿನ ನೀರಿಗೆ ಹಾಕಿದಳು. ಕಾಲು ಉಳುಕಿ ಬಾತರೂ, ಮೂಗು ಕಟ್ಟಿದರೂ ಅವಳಿಗೆ ಅದೊಂದೇ ಮದ್ದು.

"ಗಾಣದಾಗ ಬೆಂಕಿ ಐತಿ, ಅಲ್ಲೇ ಕಾಸಿ ಹಬಿ ಕೊಡೂಣು ನಡೀರಿ."

ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅಪ್ಪನ ಗಾಣಕ್ಕೆ ಹೋದೆವು. ಬಕೆಟ್ಟನ್ನು ಕೊಪ್ಪರಿಗೆಯ ಪಕ್ಕ ಇಟ್ಟು, ಸಣ್ಣ ಒಲೆ ಹೂಡಲು ನಾನು ಕಲ್ಲು ಹುಡುಕತೊಡಗಿದೆ.

ಅಲ್ಲಿ ಇನ್ನೊಂದು ಬಕೆಟ್ಟೂ ಇತ್ತು. ಕುದಿಯುವ ಕಬ್ಬಿನ ಹಾಲಿನ ಹೊಲಸು ಮೇಲೆ ಬರಲೆಂದು ಬೆಂಡೆ ಗಿಡ ಜಜ್ಜಿ ನೆನೆಸಿದ ಲೋಳೆ ನೀರು ಸುರಿಯುವುದು ಪದ್ಧತಿ. ಬೆಲ್ಲ ಕಾಸುವ ಮಾಳಪ್ಪ ಕಾಕಾನಿಗೂ ಅವತ್ತು ಮೂಗು ಕಟ್ಟಿತ್ತು. ವಾಸನೆ ಎಲ್ಲಿ ತಿಳಿಯಬೇಕು? ಆಯಿಯ ಬಕೆಟ್ಟನ್ನೇ ಎತ್ತಿ ಕೊಪ್ಪರಿಗೆಗೆ ಸುರಿದುಬಿಟ್ಟ.

ಘಾಟು ಎದ್ದಿತು ನೋಡಿ! ಎಲ್ಲರ ಕಣ್ಣು ಮೂಗು ಸುರಿಯತೊಡಗಿದವು.

"ಏ ಮಾಳ್ಯಾ, ಅದು ನನ್ನ ಲೆಕ್ಕಿ ತಪ್ಪಲೋ!"

"ಬೆಂಡಿ ನೀರ ಅನ್ಕೊಂಡ್ನಿರಿ ಆಯಿ! ಇನ್ನ ಮಾಲಕ್ರು ನನ್ನ ಬಿಡೂದಿಲ್ಲ!"

ಅಷ್ಟರಲ್ಲಿ ಆಯಿಯ ಮಡಿಲಲ್ಲಿದ್ದ ಬಸು ಸೀನಿದ. ಮತ್ತೆ ಸೀನಿದ. ಕೆಮ್ಮಿ, ಕಫ ಕಾರಿ, ಗಾಣದ ಇಂಜಿನ್ನಿನ ಸದ್ದನ್ನೂ ಮೀರಿಸಿ ಕಿರುಚಿದ. ಅವ್ವ ಅವನನ್ನು ಕಸಿದುಕೊಂಡು ಸೆರಗು ಮುಚ್ಚಿ ಎದೆಗೆ ಹಚ್ಚಿದಳು. ಸುದ್ದಿ ಕೇಳಿ ಬೈಯಲೆಂದೇ ದಾಪುಗಾಲು ಹಾಕಿ ಬಂದ ಅಪ್ಪ ಅಲ್ಲೇ ನಿಂತ.

"ಕುಡ್ಯಾಕತ್ತಾನೇನ?"

"ಗಟಗಟ ಕುಡ್ಯಾಕತ್ತಾನ," ಅಂದಳು ಅವ್ವ.

"ಹೋಗ್ಲಿ ಬಿಡೋ ಮಾಳಪ್ಪ, ಒಂದ ಕೊಪ್ಪರಿಗಿ ಹೋತು," ಎಂದು ಅಪ್ಪ ಕಬ್ಬಿನ ಸಿಪ್ಪೆಯ ಮೇಲೆ ಕುಳಿತುಬಿಟ್ಟ. ಕಣ್ಣೊರೆಸಿಕೊಳ್ಳುತ್ತ, "ಘಾಟು ಭಾಳ ಐತಿ" ಎಂದ. ಯಾರೂ ನಂಬಲಿಲ್ಲ. ಆಳುಗಳೆಲ್ಲ ಒಲೆಗೆ ಉರಿ ಹಾಕುವುದನ್ನೂ ಮರೆತು ನಕ್ಕರು. ನನಗಂತೂ ಹೋದ ಜೀವ ಬಂದಂತಾಯಿತು.

ಆ ಕಹಿ ಬೆಲ್ಲವನ್ನು ಬಿಸಾಡಲು ಆಯಿ ಬಿಡಲಿಲ್ಲ. ಯಾರ ಮೂಗು ಕಟ್ಟಿದರೂ ಒಂದು ತುಣುಕು. ಅವಳನ್ನು ಕಂಡರೆ ನಾವು ಮೂಗು ಒರೆಸಿಕೊಂಡು ಓಡುತ್ತಿದ್ದೆವು.

ಈಗ ಕಬ್ಬೆಲ್ಲ ಕಾರ್ಖಾನೆಗೆ ಹೋಗುತ್ತದೆ. ಗಾಣವೂ ಇಲ್ಲ, ಆಯಿಯೂ ಇಲ್ಲ. ಮೊನ್ನೆ ಮೊಮ್ಮಗಳಿಗೆ ಮೂಗು ಕಟ್ಟಿತ್ತು. ಕೋಣೆಯ ಬಾಗಿಲು ಹಾಕಿ, ಹಬೆಯ ಮಷಿನ್ ಹಚ್ಚಿದೆ. ಅವಳು ಸೀನಿದಳು, ಉಸಿರು ಸಲೀಸಾಯಿತು. ಖುಷಿಯಾಗಿ ಯಾರಿಗಾದರೂ ಹೇಳೋಣವೆಂದು ಹೊರಗೆ ಬಂದೆ. ಪಕ್ಕದ ಮನೆಯವರಿಗೆ ಕೂಸಿಗೆ ಮೈ ನೆಟ್ಟಗಿರಲಿಲ್ಲ ಎಂಬುದೇ ಗೊತ್ತಿರಲಿಲ್ಲ.