ಯಾರೂ ಹೇಳಿಕೊಡಬ್ಯಾಡ್ರಿ

ಮಕ್ಕಳ ಮನಸ್ಸು, ಮಿದುಳು ಹೇಗೆ ಬೆಳೆಯುತ್ತವೆ ಎಂಬುದನ್ನು ನಾನು ಎರಡು ವರ್ಷ ಸ್ನಾತಕೋತ್ತರ ತರಗತಿಯಲ್ಲಿ ಓದಿದೆ. ಆ ಎರಡು ವರ್ಷದಲ್ಲಿ ನನ್ನ ಮಿದುಳು ಎಷ್ಟು ಸವೆಯಿತು ಎಂದು ಮಾತ್ರ ಯಾರೂ ಅಳೆಯಲಿಲ್ಲ. ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಓಣಿಯಲ್ಲಿ 'ಮಿದುಳು' ಎಂಬ ಮಾತು ಹೊರಬಿದ್ದದ್ದೇ ತಡ, ನಾನು ಅರ್ಧ ಡಾಕ್ಟರು, ಅರ್ಧ ಜ್ಯೋತಿಷಿ ಆಗಿಬಿಟ್ಟೆ. ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರೂ ಬಿಡುತ್ತಿರಲಿಲ್ಲ. ಪಕ್ಕದ ಮನೆಯ ಚಾಚಿ ತನ್ನ ಮೊಮ್ಮಗನನ್ನು ದರದರ ಎಳೆದು ತಂದು, ಅವನ ತಲೆಯನ್ನು ಸಂತೆಯ ಕುಂಬಳಕಾಯಿಯಂತೆ ತಟ್ಟಿ, "ನೋಡವ್ವ, ಇದರಾಗ ಏನರ ಐತೋ, ಬರೇ ಖಾಲಿನೋ?" ಎಂದು ಕೇಳುತ್ತಿದ್ದಳು.

"ಚಾಚಿ, ಮುಟ್ಟಿ ನೋಡಿ ಹೇಳೋ ವಿದ್ಯಾ ಅಲ್ಲ ಅದು."

"ಮತ್ತ ಎರಡು ವರ್ಸ ಏನ್ ಕಲ್ತಿ?"

ನಾನು ಎಣ್ಣೆ ತಲೆಯನ್ನೇ ಕೆರೆದುಕೊಂಡು ಒಳಗೆ ಹೋಗುತ್ತಿದ್ದೆ.

ಎರಡನೆಯ ವರ್ಷ ಒಂದು ಪ್ರಬಂಧ ಬರೆಯಬೇಕಿತ್ತು. ಬೇರೆಯವರ ತಲೆಯಲ್ಲಿ ಬೇರೆಯೇ ತಿಳಿವಳಿಕೆ ಇರುತ್ತದೆ, ಅದು ತಪ್ಪೂ ಆಗಿರಬಹುದು ಎಂಬುದು ಮಗುವಿಗೆ ಯಾವ ವಯಸ್ಸಿನಲ್ಲಿ ಹೊಳೆಯುತ್ತದೆ? ಇದು ನನ್ನ ವಿಷಯ. ಪರೀಕ್ಷೆ ಹೊಸದೇನಲ್ಲ, ಜಗತ್ತಿನಲ್ಲೆಲ್ಲ ಮಾಡುತ್ತಾರೆ. ಎರಡು ಗೊಂಬೆ, ಒಂದು ಬುಟ್ಟಿ, ಒಂದು ಡಬ್ಬಿ, ಒಂದು ಗೋಲಿ. ನೀಲಿ ಗೊಂಬೆ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತದೆ. ಅದು ಇಲ್ಲದಾಗ ಕರಿ ಗೊಂಬೆ ಆ ಗೋಲಿಯನ್ನು ತೆಗೆದು ಡಬ್ಬಿಯಲ್ಲಿ ಮುಚ್ಚಿಡುತ್ತದೆ. ನೀಲಿ ಗೊಂಬೆ ವಾಪಸ್ಸು ಬಂದು ಗೋಲಿಯನ್ನು ಮೊದಲು ಎಲ್ಲಿ ಹುಡುಕುತ್ತದೆ? ಮೂರು ವರ್ಷದ ಮಗು ಸಾಮಾನ್ಯವಾಗಿ 'ಡಬ್ಬಿ' ಅನ್ನುತ್ತದೆ, ತನಗೆ ಗೊತ್ತಿರುವುದು ಲೋಕಕ್ಕೆಲ್ಲ ಗೊತ್ತು ಎಂದು ಅದು ತಿಳಿದಿರುತ್ತದೆ. ನಾಲ್ಕೈದು ವರ್ಷಕ್ಕೆ 'ಬುಟ್ಟಿ' ಅನ್ನಲು ಶುರುಮಾಡುತ್ತದೆ. ನೀಲಿ ಗೊಂಬೆ ಪಾಪ ನೋಡಿಲ್ಲವಲ್ಲ!

ಅವ್ವ ಜೀನ್ಸ್ ಹೊಲಿಯುವ ಶೆಡ್ಡಿಗೆ ಹೋಗುತ್ತಿದ್ದಳು. ಅಲ್ಲಿಯ ಚೂರು ಬಟ್ಟೆ ತಂದು ಗೊಂಬೆಗಳನ್ನು ಅವಳೇ ಹೊಲಿದುಕೊಟ್ಟಳು. ಚೆಂದ ಕಾಣಲಿ ಅಂತ ನೀಲಿ ಗೊಂಬೆಗೆ ಒಂದು ಜಿಪ್ಪನ್ನೂ ಇಟ್ಟಳು. ಮಕ್ಕಳು ಗೋಲಿಯ ಕಡೆ ಕಣ್ಣೆತ್ತಿಯೂ ನೋಡದೆ ಆ ಜಿಪ್ಪನ್ನೇ ಸರ್ ಸರ್ ಎಂದು ಎಳೆಯುತ್ತಿದ್ದವು. ಕೊನೆಗೆ ಸೂಜಿ ದಾರ ಹಿಡಿದು ಜಿಪ್ಪಿನ ಬಾಯಿ ನಾನೇ ಹೊಲಿದೆ.

ಪರೀಕ್ಷೆಯ ನಿಯಮಗಳಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಿನದು ಒಂದು. ಮಗುವಿಗೆ ಯಾರೂ ಹೇಳಿಕೊಡಬಾರದು. ಹೇಳಿಕೊಟ್ಟ ಉತ್ತರ ಬಂದರೆ ಅದನ್ನು ಗೀಟು ಹಾಕಿ ಕೈಬಿಡಬೇಕು. ಈ ನಿಯಮ ಬರೆದ ಪುಣ್ಯಾತ್ಮ ಸಿರುಗುಪ್ಪದಲ್ಲಿ ಒಂದು ದಿನ ಕಳೆದಿದ್ದರೆ ಪೆನ್ನು ಕೆಳಗಿಟ್ಟು ಬೇರೆ ಉದ್ಯೋಗ ನೋಡಿಕೊಳ್ಳುತ್ತಿದ್ದ.

ಮೊದಲು ನಾನು ಹೋದದ್ದು ಸಿರುಗುಪ್ಪಕ್ಕೇ, ನಮ್ಮ ಚಿಕ್ಕಮ್ಮನ ಓಣಿಗೆ. ಅಲ್ಲಿ ಮಕ್ಕಳಿಗೇನೂ ಬರ ಇರಲಿಲ್ಲ. ದೊಡ್ಡವರಿಗೂ ಇರಲಿಲ್ಲ, ಅದೇ ತಾಪತ್ರಯ. ನಮ್ಮ ಕಡೆ ಹೊರಗಿನವರು ಬಂದು ಮಗುವನ್ನು ಏನಾದರೂ ಕೇಳಿದರೆ ಅದು ಮಗುವಿನ ಪರೀಕ್ಷೆ ಅಲ್ಲ, ಇಡೀ ಮನೆತನದ ಪರೀಕ್ಷೆ. 'ನಿನ್ನ ಹೆಸರೇನು ಪುಟ್ಟಾ' ಎಂದರೂ ಅಜ್ಜಿಯೇ ಉತ್ತರ ಕೊಡುತ್ತಾಳೆ. ಮಗು ಬಾಯಿ ತೆರೆಯುವ ಮೊದಲೇ ನಾಲ್ಕು ಕಡೆಯಿಂದ 'ಬುಟ್ಟಿ ಅನ್ನಲೇ, ಬುಟ್ಟಿ!' ಎಂದು ಪಿಸುಮಾತು. ಪಿಸುಮಾತು ಎಂದರೆ ಮೂರು ಮನೆ ಆಚೆ ಕೇಳುವಂಥದ್ದು. ಎಲ್ಲರನ್ನೂ ಕೈ ಮುಗಿದು ಹೊರಗೆ ಕಳಿಸಿದೆ. ಕಿಟಕಿಗೆ ಬಂದರು. ಕಿಟಕಿ ಮುಚ್ಚಿದೆ. ಕರೆಂಟು ಹೋಗಿ ಫ್ಯಾನ್ ನಿಂತು ಬೆವರಿಗೆ ಮಗು ಅಳತೊಡಗಿತು.

ಅಷ್ಟರಲ್ಲಿ ಹೊರಗೆ ಚಿಕ್ಕಮ್ಮನಿಗೂ ಎದುರುಮನೆಯಾಕೆಗೂ ನೀಲಿ ಗೊಂಬೆಯ ವಿಷಯಕ್ಕೇ ಜಗಳ ಹತ್ತಿತ್ತು. "ಅದು ಬುಟ್ಟ್ಯಾಗೂ ಹುಡುಕಂಗಿಲ್ಲ, ಡಬ್ಬ್ಯಾಗೂ ಹುಡುಕಂಗಿಲ್ಲ. ಅದಕ್ಕ ಬಾಯಿ ಇಲ್ಲೇನು? ಎಲ್ಲಿಟ್ಟಿಯಲೇ ಅಂತ ಕರಿ ಗೊಂಬಿನ್ನ ಕೇಳ್ತೈತಿ" ಎಂದು ಎದುರುಮನೆಯಾಕೆ ಸೊಂಟದ ಮೇಲೆ ಕೈಯಿಟ್ಟು ವಾದಿಸುತ್ತಿದ್ದಳು. ನಾಲ್ಕು ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಹಾಳೆಗಳನ್ನೆಲ್ಲ ನೋಡಿದ ನಮ್ಮ ಮಾರ್ಗದರ್ಶಕ ಮೇಷ್ಟ್ರು, "ಎಲ್ಲಾ ಮಕ್ಕಳೂ ಪಾಸಾಗ್ಯಾವಲ್ಲಮ್ಮ, ಎರಡು ವರ್ಷದ್ದೂ ಸೇರಿ!" ಎಂದು ಹಾಳೆಗಳನ್ನು ವಾಪಸ್ಸು ನನ್ನ ಕಡೆ ತಳ್ಳಿದರು.

ಆಮೇಲೆ ಕುರುಗೋಡು. ಅಲ್ಲಿನ ಒಂದು ಅಂಗನವಾಡಿಯ ಟೀಚರಮ್ಮ ಗಟ್ಟಿ ಹೆಂಗಸು, ಒಳ್ಳೆಯವರು. ದಿನಾ ಬೆಳಿಗ್ಗೆ ಬಸ್ಸಿಳಿದು ಹೋದ ಕೂಡಲೇ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತರಿಸಿ, "ಮೊದಲು ತಿನ್ನು, ಆಮ್ಯಾಲ ತಲಿ ತಿನ್ನಂತಿ" ಅನ್ನುತ್ತಿದ್ದರು. ಹೇಳಿಕೊಡಬಾರದು ಎಂಬ ನಿಯಮವನ್ನು ಅವರಿಗೆ ಮೂರು ಸಲ ಬಿಡಿಸಿ ಹೇಳಿದೆ. ಮೂರು ಸಲವೂ ತಲೆ ಆಡಿಸಿದರು. ಅದರ ಮೇಲೆ ಸ್ವಲ್ಪ ಭರವಸೆ ಇಟ್ಟದ್ದು ನನ್ನ ತಪ್ಪು.

ಅಲ್ಲಿ ಐದು ದಾಟಿದ ಒಂದು ಹುಡುಗಿ ಇದ್ದಳು. ತಾಯಿ ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗುತ್ತಿದ್ದಳು, ಕರೆದುಕೊಂಡು ಬರುವುದು ಅಜ್ಜಿ. ಬಂದ ಅಜ್ಜಿ ಮನೆಗೆ ಹೋಗುತ್ತಲೂ ಇರಲಿಲ್ಲ, ಹೊಸ್ತಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಹುಡುಗಿಗೆ ಮಾತು ಕಡಿಮೆ, ಕಣ್ಣು ಜಾಸ್ತಿ. ಆಕೆಯ ಸರದಿ ಬಂತು. ನಾನು ಗೊಂಬೆ ಆಡಿಸಿ ಮುಗಿಸಿ, ನೀಲಿ ಗೊಂಬೆ ಈಗ ಗೋಲಿಯನ್ನು ಎಲ್ಲಿ ಹುಡುಕುತ್ತೈತಿ ಎಂದು ಕೇಳಿದ್ದೇ ಕೇಳಿದ್ದು, ಹೊಸ್ತಿಲಿಂದ ಅಜ್ಜಿ "ಬುಟ್ಟಿ ಅನ್ನವ್ವ" ಅಂದಳು. ಒಲೆಯ ಹತ್ತಿರದ ಸಹಾಯಕಿ ಸೌಟು ಎತ್ತಿ ಬುಟ್ಟಿ ತೋರಿಸಿದಳು. ಮೂಗು ಸೋರುವ ಒಬ್ಬ ಚೋಟು "ಡಬ್ಬಿ! ಡಬ್ಬಿ!" ಎಂದು ಕುಣಿದ. ಮೂರು ಸಲ ತಲೆ ಆಡಿಸಿದ್ದ ಟೀಚರಮ್ಮ ಬಾಯಿ ಬಿಡಲಿಲ್ಲ, ನಿಜ. ಹುಬ್ಬಿನಲ್ಲೇ ಬುಟ್ಟಿ ತೋರಿಸುತ್ತಿದ್ದರು.

"ಯಾರೂ ಹೇಳಿಕೊಡಬ್ಯಾಡ್ರಿ ಅಂತ ಎಷ್ಟು ಸಲ ಬಡ್ಕಳ್ಳಲಿ!" ಎಂದು ನಾನು ಕಿರುಚಿದೆ. ಜೋಲಿಯಲ್ಲಿ ಮಲಗಿದ್ದ ಕೂಸು ಎದ್ದು ಅತ್ತಿತು.

ಹುಡುಗಿ ಅಜ್ಜಿಯನ್ನು ನೋಡಿದಳು, ಸೌಟನ್ನು ನೋಡಿದಳು, ಟೀಚರಮ್ಮನ ಹುಬ್ಬನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ತುಟಿ ಬಿಗಿದುಕೊಂಡು ಕೂತುಬಿಟ್ಟಳು. ಇನ್ನೆರಡು ಸಲ ಕೇಳಿದೆ. ಊಹೂಂ. ಮೂರು ಸಲ ಕೇಳಿಯೂ ಉತ್ತರ ಬರದಿದ್ದರೆ ಸೊನ್ನೆ ಹಾಕಬೇಕು ಎಂದು ನಿಯಮದಲ್ಲಿತ್ತು. ಇಷ್ಟು ಗದ್ದಲದಲ್ಲಿ ಮಾಡಿದ ಪರೀಕ್ಷೆಯನ್ನೇ ಕೈಬಿಟ್ಟು ಇನ್ನೊಂದು ದಿನ ಬಂದು ಮಾಡಬೇಕು ಎಂದೂ ಇತ್ತು. ಬಸ್ಸಿನ ಹೊತ್ತಾಗಿತ್ತು. ತಲೆ ಸಿಡಿಯುತ್ತಿತ್ತು. ಸೊನ್ನೆ ಹಾಕಿದೆ. ಟೀಚರಮ್ಮನ ಸಹಿ ಆಗಬೇಕಿದ್ದ ಹಾಳೆಗಳನ್ನು ಅಲ್ಲೇ ಬಿಟ್ಟು ಓಡಿದೆ.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದ್ದು ನಾನು, ಉಣ್ಣಬೇಕಾದದ್ದು ಆ ಹುಡುಗಿ.

ಜೂನ್ ಮೊದಲ ವಾರ ಟೀಚರಮ್ಮನ ಮೊಬೈಲಿನಿಂದ ಕರೆ ಬಂತು. ಮಾತಾಡಿದ್ದು ಅಜ್ಜಿ.

"ಏನವ್ವ, ನನ್ನ ಮೊಮ್ಮಗಳಿಗೆ ಸೊನ್ನಿ ಹಾಕಿಯಂತಲ್ಲ? ಆಕಿ ಜೋಡಿನ ಹುಡುಗ್ರೆಲ್ಲ ಸಾಲಿಗೆ ಹೊಂಟಾರ. ಆಕಿ ಚೀಲ ಹಾಕ್ಕೊಂಡು ಬಾಗಿಲಾಗ ನಿಂತಾಳ. ಏನ್ ಹೇಳ್ಲಿ ಆಕಿಗೆ?"

ನಡೆದದ್ದು ಇಷ್ಟು. ಹುಡುಗಿಯನ್ನು ಒಂದನೇ ತರಗತಿಗೆ ಸೇರಿಸಲು ಹೋದಾಗ ಆಕೆ ಶಾಲೆಯ ಹೆಡ್‌ಮಾಸ್ತರರ ಮುಂದೆಯೂ ಬಾಯಿ ಬಿಟ್ಟಿಲ್ಲ. 'ಯಾಕ ಹಿಂಗ?' ಎಂದು ಅವರು ಕೇಳಿದ್ದಾರೆ. ಟೀಚರಮ್ಮ ಒಳ್ಳೆಯ ಮನಸ್ಸಿನಿಂದಲೇ, ಬಳ್ಳಾರಿಯಿಂದ ಓದಿದವರು ಬಂದು ನೋಡಿದ್ದಾರೆ, ಅವರಿಗೂ ಹೇಳಲಿಲ್ಲ, ಸೊನ್ನೆ ಬಂತು ಎಂದು ನಾನು ಬಿಟ್ಟುಬಂದ ಹಾಳೆ ತೋರಿಸಿದ್ದಾರೆ. ಹೆಡ್‌ಮಾಸ್ತರರಿಗೆ ಅಷ್ಟು ಸಾಕು. ಇನ್ನೊಂದು ವರ್ಷ ಅಂಗನವಾಡಿಯಲ್ಲೇ ಇರಲಿ, ಇಲ್ಲದಿದ್ದರೆ ಬುದ್ಧಿ ಸರಿ ಇದೆ ಎಂದು ಬಳ್ಳಾರಿಯಿಂದ ಚೀಟಿ ತರಲಿ.

ಮರುದಿನವೇ ಕುರುಗೋಡಿಗೆ ಹೋಗಿ ಹೆಡ್‌ಮಾಸ್ತರರ ಮುಂದೆ ನಿಂತೆ. "ಅದು ಬುದ್ಧಿ ಅಳೆಯೋ ಪರೀಕ್ಷೆ ಅಲ್ರೀ ಸರ್. ನನ್ನ ಓದಿಗೆ ಮಾಡಿದ್ದು. ಆ ಸೊನ್ನಿಗೆ ಏನೂ ಅರ್ಥ ಇಲ್ಲ."

"ಅರ್ಥ ಇಲ್ಲದ್ದು ಯಾಕ ಬರದ್ರಿ ಮತ್ತ?"

ಬೇಕಾದರೆ ಆ ಸೊನ್ನೆಯನ್ನು ಈಗಲೇ ಹೊಡೆದುಹಾಕುತ್ತೇನೆ ಅಂದೆ. "ಪೆನ್ಸಿಲ್ನಾಗ ಬರದಿದ್ರ ಅಳಸಬಹುದಿತ್ತು. ಪೆನ್ನಿನಾಗ ಬರದೀರಿ" ಎಂದು ಅವರು ಹಾಜರಿ ಪುಸ್ತಕ ತೆರೆದರು. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಅವರ ಮೇಲೆ ಬಂದ ಸಿಟ್ಟಿಗಿಂತ ನನ್ನ ಪೆನ್ನಿನ ಮೇಲೆ ಬಂದ ಸಿಟ್ಟು ಹೆಚ್ಚು.

ಬಳ್ಳಾರಿಯ ಗಾಂಧಿನಗರದಲ್ಲಿ ಮಕ್ಕಳ ಬೆಳವಣಿಗೆಯನ್ನು ಪರೀಕ್ಷೆ ಮಾಡುವ ಒಬ್ಬ ಮೇಡಂ ಇದ್ದರು. ಕಾಡಿ ಬೇಡಿ ಒಂದು ಶನಿವಾರ ಹೊತ್ತು ಗೊತ್ತುಮಾಡಿದೆ. ಅಜ್ಜಿ, ಹುಡುಗಿ ಬಸ್ಸಿನಲ್ಲಿ ಬಂದರು. ಹುಡುಗಿ ಹೊಸ ಶಾಲೆಯ ಚೀಲವನ್ನು ಅವತ್ತೂ ಹೆಗಲಿಗೆ ಹಾಕಿಕೊಂಡೇ ಬಂದಿದ್ದಳು. ಒಳಗೆ ಒಂದು ಸ್ಲೇಟು ಬಿಟ್ಟರೆ ಏನೂ ಇರಲಿಲ್ಲ. ಮೆಟ್ಟಿಲು ಹತ್ತುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡು, "ಈ ಸಲ ನಾ ಏನೂ ಹೇಳಿಕೊಡಂಗಿಲ್ಲವ್ವ, ಆಣೆ" ಅಂದಳು. ನನಗೆ ನಾಚಿಕೆಯಾಯಿತು.

ಅಜ್ಜಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದಾದರೆ ಬಾ ಎಂದು ಮೇಡಂ ನನ್ನನ್ನು ಒಳಗೆ ಬಿಟ್ಟರು. ಬಣ್ಣ ಕೇಳಿದರು, ಹುಡುಗಿ ಬೆರಳು ಮಾಡಿ ತೋರಿಸಿದಳು. ಮರದ ತುಂಡು ಜೋಡಿಸಲು ಹೇಳಿದರು, ಜೋಡಿಸಿದಳು. ಮಾತು ಮಾತ್ರ ಇಲ್ಲ. ಮೇಡಂ ಒಂದು ಬಿಸ್ಕೀಟಿನ ಪ್ಯಾಕೆಟ್ ತೆಗೆದು ಬಿಚ್ಚಿ ತೋರಿಸಿದರು. ಒಳಗೆ ಬಿಸ್ಕೀಟು ಇರಲಿಲ್ಲ, ಸೀಮೆಸುಣ್ಣದ ಚೂರುಗಳಿದ್ದವು. ಮತ್ತೆ ಮುಚ್ಚಿಟ್ಟು ಕೇಳಿದರು, "ಹೊರಗ ನಿಮ್ಮಜ್ಜಿ ಕುಂತಾಳಲ್ಲ, ಆಕಿ ಇದನ್ನ ಬಿಚ್ಚಿ ನೋಡಿಲ್ಲ. ಒಳಗ ಏನೈತಿ ಅಂತ ತಿಳ್ಕಂತಾಳ?"

ಗೊಂಬೆ ಇಲ್ಲ, ಗೋಲಿ ಇಲ್ಲ ಅನ್ನುವುದು ಬಿಟ್ಟರೆ ನನ್ನದೇ ಪರೀಕ್ಷೆ. ಹುಡುಗಿ ಸುಮ್ಮನಿದ್ದಳು. ಮೇಡಂ ಎರಡನೇ ಸಲ ಕೇಳಿದರು. ಸುಮ್ಮನಿದ್ದಳು. ಮೇಡಂ ಪೆನ್ನು ಎತ್ತಿಕೊಂಡರು. ಪೆನ್ನು! ನನ್ನ ಕಣ್ಣ ಮುಂದೆ ಬಾಗಿಲಲ್ಲಿ ಚೀಲ ಹಾಕಿಕೊಂಡು ನಿಂತ ಹುಡುಗಿ, ಇನ್ನೊಂದು ವರ್ಷ, ಮೂಗು ಸೋರುವ ಚೋಟುಗಳ ಜೊತೆ. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ನನಗೆ ಗೊತ್ತಿಲ್ಲದೆಯೇ ಮುಂದಕ್ಕೆ ಬಾಗಿದ್ದೆ. ನನ್ನ ತುಟಿ 'ಬಿಸ್ಕೀಟು, ಬಿಸ್ಕೀಟು' ಎಂದು ಆಡುತ್ತಿತ್ತು. ಹುಬ್ಬು ಕೂಡ ಕುಣಿಯುತ್ತಿತ್ತೋ ಏನೋ.

ಹುಡುಗಿ ಗಕ್ಕನೆ ನನ್ನ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು.

"ಯಕ್ಕಾ, ನೀ ಹೇಳಿಕೊಡಬ್ಯಾಡ! ನೀ ಹೇಳಿಕೊಟ್ರ, ನನಗ ಬರಂಗಿಲ್ಲ ಅಂತ ಈ ಮೇಡಂ ತಿಳ್ಕಂತಾರ. ನನಗ ಬರ್ತೈತಿ."

ಆಮೇಲೆ ಮೇಡಂ ಕಡೆ ತಿರುಗಿ, ನಿಧಾನಕ್ಕೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಬಿಸ್ಕೀಟು ಅಂತ ತಿಳ್ಕಂತಾಳ. ಆಮ್ಯಾಲ ಬಿಚ್ಚಿ ನೋಡಿ ನಿಮಗ ಬೈತಾಳ."

ಮೇಡಂ ಪೆನ್ನು ಕೆಳಗಿಟ್ಟು ನಕ್ಕರು. ನನಗೆ ನಗು ಬರಲಿಲ್ಲ, ಕಣ್ಣು ತುಂಬಿತು. ಎದುರಿಗಿರುವವರ ತಲೆಯಲ್ಲಿ ತನ್ನ ಬಗ್ಗೆ ತಪ್ಪು ತಿಳಿವಳಿಕೆ ಹುಟ್ಟಬಹುದು ಎಂದು ಆಕೆಗೆ ಗೊತ್ತಿತ್ತು. ಗೊಂಬೆ ಹಿಡಿದುಕೊಂಡು ಎರಡು ಊರು ಅಲೆದು ನಾನು ಹುಡುಕಿದ್ದು ಇದನ್ನೇ. ಮೇಡಂ ಚೀಟಿ ಬರೆದರು, ಕೆಳಗೆ ಮೊಹರು ಒತ್ತಿದರು. ಮಗು ಶಾಲೆಗೆ ಹೋಗಲು ಯಾವ ಅಡ್ಡಿಯೂ ಇಲ್ಲ.

ಅಜ್ಜಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು. ಮೆಟ್ಟಿಲು ಇಳಿಯುವಾಗ ನನಗೆ ತಡೆಯಲಾಗಲಿಲ್ಲ. ಹುಡುಗಿಯನ್ನು ಕೇಳಿಯೇಬಿಟ್ಟೆ.

"ಅವತ್ತು ಅಂಗನವಾಡ್ಯಾಗ ನಾ ಗೊಂಬಿ ತೋರಿಸಿ ಕೇಳಿದಾಗ, ಗೊತ್ತಿತ್ತೇನು ನಿನಗ?"

"ಹ್ಞೂಂ. ಬುಟ್ಟಿ."

"ಮತ್ತ ಯಾಕ ಹೇಳ್ಲಿಲ್ಲ?"

"ಎಲ್ಲಾರೂ ಹೇಳಿಬಿಟ್ಟಿದ್ರಲ್ಲ. ನಾ ಹೇಳಿದ್ರ ನಂದು ಅಂತ ನೀ ಬರ್ಕಂತಿದ್ದೇನು?"

ಹೇಳಿಕೊಟ್ಟ ಉತ್ತರ ಎಂದು ಗೀಟು ಹಾಕಿಬಿಡುತ್ತಿದ್ದೆ.

"ಇಲ್ಲವ್ವ, ಬರ್ಕಂತಿದ್ದಿಲ್ಲ" ಅಂದೆ.

"ಮತ್ತ?" ಅಂದಳು. ಚೀಲ ಸರಿಮಾಡಿಕೊಂಡು, ಅಜ್ಜಿಯ ಕೈ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆದಳು.